ರಾಶಿಯನ್ನು ಅಳೆದರು, ಹರಿದದ್ದನ್ನು ಅಳೆಯಲಿಲ್ಲ: ವೇದಾವತಿ ಸೇರುವ ಒಂದು ಹಳ್ಳದ ಪ್ರಕರಣ

ಹೊಸದುರ್ಗ ತಾಲ್ಲೂಕಿನ ನಮ್ಮ ಊರಿನ ಹಿಂದೆ ಒಂದು ಗುಡ್ಡಸಾಲು ಇದೆ. ಅದರ ಎರಡು ಮಡಿಲುಗಳಿಂದ ಎರಡು ಸರುವುಗಳು ಇಳಿದು, ಕೆರೆಗೆ ಅರ್ಧ ಮೈಲಿ ಮೇಲೆ ಹಳೆಯ ಹೊಂಗೆ ಮರವೊಂದರ ಬುಡದಲ್ಲಿ ಕೂಡಿ ಹಳ್ಳವಾಗುತ್ತವೆ. ಹಳ್ಳ ಕೆರೆಯನ್ನು ತುಂಬುತ್ತದೆ. ಕೆರೆ ಕೋಡಿ ಬಿದ್ದರೆ ನೀರು ವೇದಾವತಿಗೆ ಹೋಗುತ್ತದೆ. ವೇದಾವತಿ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ. ಆ ಜಲಾಶಯದ ನೀರನ್ನೇ ಹಿರಿಯೂರು, ಚಿತ್ರದುರ್ಗದ ಜನ ಕುಡಿಯುತ್ತಾರೆ. ವರ್ಷದಲ್ಲಿ ಎಂಟು ತಿಂಗಳು ನಮ್ಮ ಹಳ್ಳದಲ್ಲಿ ಕಾಣುವುದು ನೀರಲ್ಲ, ಮರಳು. ಹಾಗಾಗಿ ಯಾರೂ ಅದನ್ನು ನದಿ ಎಂದು ಎಣಿಸುವುದಿಲ್ಲ. ಗಣಿಯ ತ್ಯಾಜ್ಯ ನದಿಗೆ ಏನು ಮಾಡುತ್ತದೆ ಎಂಬ ಮಾತು ಬಂದಾಗ ಎಲ್ಲರ ಕಣ್ಣು ತುಂಗಭದ್ರೆಯ ಕಡೆಗೋ ವೇದಾವತಿಯ ಕಡೆಗೋ ಹೋಗುತ್ತದೆ. ಕೆಡುಕು ಮೊದಲು ನಡೆಯುವುದು ಮಾತ್ರ ಇಂಥ ಹೆಸರಿಲ್ಲದ ಹಳ್ಳಗಳಲ್ಲಿ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಆ ಕೆರೆಯ ಅಚ್ಚುಕಟ್ಟಿನಲ್ಲಿ ನಮ್ಮ ಮನೆಯ ಒಂದೂವರೆ ಎಕರೆ ತೆಂಗು, ಅಡಿಕೆ ತೋಟವಿದೆ. ಆದ್ದರಿಂದ ಈ ಪ್ರಕರಣದಲ್ಲಿ ನಾನು ದೂರ ನಿಂತು ನೋಡಿದವನಲ್ಲ. ನಷ್ಟವಾದವರಲ್ಲಿ ನಾನೂ ಒಬ್ಬ. ಇದನ್ನು ಓದುವವರು ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಲಿ. ಊರಿನ ಹೆಸರು, ಗಣಿಯ ಹೆಸರು, ಕಚೇರಿಗಳ ಹೆಸರು ಇಲ್ಲಿ ಬರುವುದಿಲ್ಲ. ಹೆಸರು ಬಂದರೆ ಜಗಳ ಹೆಸರಿಗೇ ಅಂಟಿಕೊಳ್ಳುತ್ತದೆ. ನಾನು ಹೇಳಬೇಕಾದದ್ದು ಗುಡ್ಡದ ಮೇಲಿನ ಮಣ್ಣು ನಮ್ಮ ಅಡಿಕೆ ಬೇರಿನವರೆಗೆ ಹೇಗೆ ನಡೆದು ಬಂತು ಎಂಬುದನ್ನು.

ಗುಡ್ಡದ ಮೇಲಿನ ರಾಶಿ

ಎರಡು ಮಡಿಲುಗಳಲ್ಲಿ ಬಲಗಡೆಯದರ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಗಣಿ ಇದೆ. ಎಡಗಡೆಯ ಮಡಿಲನ್ನು ಯಾರೂ ಅಗೆದಿಲ್ಲ. ಈ ವ್ಯತ್ಯಾಸ ಮುಂದೆ ನಮಗೆ ದೊಡ್ಡ ಆಧಾರವಾಯಿತು.

ಈ ಗುಡ್ಡಗಳು ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದವು. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಉದ್ದಕ್ಕೆ ಹಬ್ಬಿರುವ, 250 ಕೋಟಿ ವರ್ಷಗಳಿಗೂ ಹಳೆಯದಾದ ಕಲ್ಲಿನ ಪಟ್ಟಿ ಅದು. ನೆತ್ತಿಯಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಗಟ್ಟಿ ಪದರ. ಅದರ ಅಕ್ಕಪಕ್ಕದಲ್ಲಿ ಫಿಲೈಟ್ ಮತ್ತು ಶೇಲ್ ಎಂಬ ಪದರುಗಲ್ಲು. ಮಳೆ ಬಿಸಿಲಿಗೆ ಹಣ್ಣಾದ ಫಿಲೈಟ್ ಬೆರಳಿನಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪುಡಿಯಷ್ಟು ನುಣುಪು. ಅದಿರನ್ನು ತೆಗೆಯಬೇಕಾದರೆ ಈ ನುಣುಪು ಕಲ್ಲನ್ನು ಮೊದಲು ಬಗೆದು ಎಲ್ಲಿಯಾದರೂ ಹಾಕಬೇಕು. ಕಬ್ಬಿಣದ ಅಂಶ ಶೇ 45ಕ್ಕಿಂತ ಕಡಿಮೆ ಇರುವ ಹೆಮಟೈಟ್ ಕಲ್ಲು ಭಾರತೀಯ ಗಣಿ ಬ್ಯೂರೋದ ಮಿತಿಯ ಪ್ರಕಾರ ಅದಿರೇ ಅಲ್ಲ. ಅದೂ ರಾಶಿಗೆ ಸೇರುತ್ತದೆ. ಅದಿರು ಲಾರಿ ಏರಿ, ತೂಕದ ಸೇತುವೆ ದಾಟಿ, ಪರವಾನಗಿ ಚೀಟಿ ಪಡೆದು ಊರು ಬಿಟ್ಟು ಹೋಗುತ್ತದೆ. ಉಳಿದದ್ದು ನಮ್ಮೊಂದಿಗೇ ಇರುತ್ತದೆ.

ರಾಶಿ ಹೇಗೆ ಬೆಳೆಯಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದ ವರ್ಷಗಳಲ್ಲಿ ಟಿಪ್ಪರ್‌ಗಳು ಹಗಲು ರಾತ್ರಿ ಗುಡ್ಡದ ಅಂಚಿಗೆ ಬಂದು ಹಿಂದಕ್ಕೆ ತಿರುಗಿ ಸುರಿದು ಹೋಗುತ್ತಿದ್ದವು. ಅಂಚಿನಿಂದ ಸುರಿದಾಗ ದೊಡ್ಡ ಕಲ್ಲುಗಳು ಉರುಳಿ ಬುಡಕ್ಕೆ ಹೋಗುತ್ತವೆ, ನುಣುಪು ಪುಡಿ ಮೇಲೆಯೇ ಉಳಿಯುತ್ತದೆ. ಮಳೆಯ ಹನಿ ಮೊದಲು ಹೊಡೆಯುವುದು ಆ ಪುಡಿಯನ್ನೇ. ಸುಮ್ಮನೆ ಸುರಿದ ರಾಶಿ ತನ್ನಷ್ಟಕ್ಕೆ ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದು ಒಟ್ಟಾರೆ ಇಳಿಜಾರು 28 ಡಿಗ್ರಿ ಮೀರದಂತೆ ನೋಡಿಕೊಳ್ಳಬೇಕು, ಬುಡಕ್ಕೆ ತಡೆಗೋಡೆ ಕಟ್ಟಬೇಕು, ಸುತ್ತ ಕಾಲುವೆ ತೋಡಿ ನೀರನ್ನು ಹೂಳುಗುಂಡಿಗೆ ತಿರುಗಿಸಬೇಕು ಎಂಬುದು ಪರಿಸರ ಅನುಮತಿ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತು. ನಮ್ಮ ಗುಡ್ಡದಲ್ಲಿ ಆ ವರ್ಷಗಳಲ್ಲಿ ಮೆಟ್ಟಿಲೂ ಇರಲಿಲ್ಲ, ಗೋಡೆಯೂ ಇರಲಿಲ್ಲ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಆ ಆದೇಶ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಬಂತು. ನಮ್ಮ ಊರಿನಲ್ಲಿ ಅಂದು ರಾತ್ರಿ ಟಿಪ್ಪರ್ ಸದ್ದಿಲ್ಲದೆ ಮಲಗಿದ್ದು ಈಗಲೂ ನೆನಪಿದೆ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಮೂರು ಜಿಲ್ಲೆಗಳ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದರು. ಗುತ್ತಿಗೆಯ ಗಡಿಯ ಹೊರಗೆ ಅಗೆದ ಗುಂಡಿ ಗುತ್ತಿಗೆ ವಿಸ್ತೀರ್ಣದ ಶೇ 10ನ್ನು ಮೀರಿದ್ದರೆ, ಅಥವಾ ಹೊರಗೆ ಸುರಿದ ತ್ಯಾಜ್ಯ ಶೇ 15ನ್ನು ಮೀರಿದ್ದರೆ ಅದು ಸಿ ವರ್ಗ. ಅವುಗಳ ಗುತ್ತಿಗೆ ರದ್ದಾಯಿತು. ಗಡಿ ದಾಟಿದ್ದರೂ ಆ ಮಿತಿಯೊಳಗೇ ಇದ್ದ ಬಿ ವರ್ಗದವರು ಗಡಿಯಾಚೆ ಅಗೆದ ಗುಂಡಿಗೆ ಹೆಕ್ಟೇರಿಗೆ 5 ಕೋಟಿ ರೂಪಾಯಿ, ಗಡಿಯಾಚೆ ಸುರಿದ ರಾಶಿಗೆ ಹೆಕ್ಟೇರಿಗೆ 1 ಕೋಟಿ ರೂಪಾಯಿ ಪರಿಹಾರ ಕಟ್ಟಬೇಕಾಯಿತು.

ಆ ತೀರ್ಪಿನ ಬಗ್ಗೆ ನನಗೆ ಗೌರವವಿದೆ. ಸುರಿದ ಮಣ್ಣು ಕೂಡ ಅಪರಾಧವಾಗಬಹುದು ಎಂಬುದನ್ನು ನಮ್ಮ ಸೀಮೆ ಮೊದಲ ಬಾರಿಗೆ ಕೇಳಿದ್ದು ಆಗಲೇ. ಆದರೆ ರಾಶಿಯನ್ನು ಅಳೆದದ್ದು ಹೆಕ್ಟೇರಿನಲ್ಲಿ, ಅದು ಮಲಗಿದ್ದ ಜಾಗದಲ್ಲಿ. ರಾಶಿ ಮಲಗಿರುವ ವಸ್ತುವಲ್ಲ. ಪ್ರತಿ ಮಳೆಗಾಲ ಅದು ಎದ್ದು ನಡೆಯುತ್ತದೆ. ಹೇಗೆ ನಡೆಯಿತು, ಎಷ್ಟು ನಡೆಯಿತು ಎಂಬುದನ್ನು ನಮ್ಮ ಹಳ್ಳದಲ್ಲಿ ಯಾರೂ ಅಳೆಯಲಿಲ್ಲ.

ಹುಬ್ಬೆ ಮಳೆ

2022ರ ಮಳೆಗಾಲ ಈ ಜಿಲ್ಲೆಯವರು ಮರೆಯುವಂಥದ್ದಲ್ಲ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. ಆ ಸೆಪ್ಟೆಂಬರ್ ಮೊದಲ ವಾರದಲ್ಲಿ ಮತ್ತೆ ಬಿತ್ತು. ಮಕ್ಕಳು ಮುದುಕರೆನ್ನದೆ ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು. ನಮ್ಮ ಊರಿನಿಂದಲೂ ಹೊರಟಿದ್ದರು.

ಹುಬ್ಬೆ ಮಳೆ ಹಿಡಿದ ಅದೇ ದಿನಗಳಲ್ಲಿ, ಒಂದು ನಡುರಾತ್ರಿ ಬಲಗಡೆಯ ರಾಶಿಯ ಮೇಲ್ಭಾಗ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಬೆಳಿಗ್ಗೆ ನೀರುಗಂಟಿ ಬಂದು ಕೆರೆಯ ಒಳಹರಿವಿನ ಕಡೆ ನೀರು ಹಾಲು ಬೆರೆಸಿದ ಕುಂಕುಮದಂತಿದೆ ಎಂದ. ನಾವು ಹಳ್ಳದ ಗುಂಟ ಮೇಲಕ್ಕೆ ಹೋದೆವು. ಹೊಂಗೆ ಮರದ ಹತ್ತಿರ ಎಡದ ಸರುವಿನ ನೀರು ಕಂದು, ಬಲದ ಸರುವಿನ ನೀರು ದಟ್ಟ ಕೆಂಪು. ಎರಡೂ ಕೂಡಿದ ಮೇಲೆ ಹತ್ತಾರು ಮಾರು ದೂರ ಪಕ್ಕಪಕ್ಕದಲ್ಲೇ ಬೆರೆಯದೆ ಹರಿಯುತ್ತಿದ್ದವು. ಬಲದ ಸರುವಿನ ದಂಡೆಯ ಕಲ್ಲುಬಂಡೆಗಳ ಮೇಲೆ ಬೆರಳು ಮುಳುಗುವಷ್ಟು ರಾಡಿ ಕೂತಿತ್ತು. ಆ ರಾಡಿ ಒಣಗಿದಾಗ ಬಿಸಿಲಿಗೆ ಉಕ್ಕಿನಂತೆ ಮಿಣಮಿಣ ಹೊಳೆಯಿತು. ಹೆಮಟೈಟ್ ಚೂರಿನ ಹೊಳಪು ಅದು; ಹೊಲದ ಮಣ್ಣಿಗೆ ಅಂಥ ಹೊಳಪು ಬರುವುದಿಲ್ಲ.

ದೂರು ಕೊಟ್ಟೆವು. ನೋಡಲು ಬಂದವರು ಒಂದೇ ಮಾತು ಹೇಳಿದರು: ನಿಮ್ಮದು ಕೆಮ್ಮಣ್ಣಿನ ಸೀಮೆ, ದೊಡ್ಡ ಮಳೆ ಬಿದ್ದರೆ ನೀರು ಕೆಂಪಾಗದೆ ಮತ್ತೇನು ಬಣ್ಣವಾಗುತ್ತದೆ? ಮೇಲಿನ ಹೊಲಗಳನ್ನು ನೀವೇ ಟ್ರ್ಯಾಕ್ಟರ್‌ನಲ್ಲಿ ಇಳಿಜಾರಿಗೆ ಉತ್ತಿದ್ದೀರಿ, ಆ ಮಣ್ಣು ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಅದು ತಪ್ಪಿಸಿಕೊಳ್ಳುವ ಮಾತು ಎಂದು ಊರಿನವರು ಸಿಟ್ಟಾದರು. ನನಗೆ ಹಾಗೆ ಅನ್ನಿಸಲಿಲ್ಲ. ಅದು ನ್ಯಾಯವಾದ ಪ್ರಶ್ನೆ. ಹೊಲದ ಮಣ್ಣೂ ಕೊಚ್ಚಿ ಬರುತ್ತದೆ. ಅದು ನಮ್ಮದೇ ತಪ್ಪು. ಎರಡನ್ನೂ ಬೇರೆ ಮಾಡಿ ತೋರಿಸಲು ಆಗದಿದ್ದರೆ ನಮ್ಮ ದೂರಿಗೆ ಬಲವಿಲ್ಲ.

ಕಿಟಕಿಯ ಮೇಲಿನ ಬಾಟಲಿಗಳು

ಉತ್ತರ ನಮ್ಮ ಕಾಲ ಬುಡದಲ್ಲೇ ಇತ್ತು. ಒಂದೇ ಗುಡ್ಡಸಾಲು, ಒಂದೇ ಮಳೆ, ಎರಡು ಸರುವು. ಎರಡರ ದಾರಿಯಲ್ಲೂ ಉಳುಮೆಯ ಹೊಲಗಳಿವೆ. ಒಂದರ ನೆತ್ತಿಯಲ್ಲಿ ಮಾತ್ರ ಗಣಿಯ ರಾಶಿ ಇದೆ. ಉತ್ತರೆ ಮಳೆ ಬಂದ ದಿನ ಶಾಲೆಯ ಹತ್ತನೆಯ ತರಗತಿಯ ಮಕ್ಕಳು ಮತ್ತು ನಾನು ಹೊಂಗೆ ಮರದ ಮೇಲ್ಗಡೆ ಎರಡೂ ಸರುವುಗಳಿಂದ ಒಂದೇ ಹೊತ್ತಿನಲ್ಲಿ ಒಂದೊಂದು ಲೀಟರ್ ಬಾಟಲಿ ತುಂಬಿದೆವು. ಚೀಟಿ ಅಂಟಿಸಿ ಶಾಲೆಯ ಕಿಟಕಿಯ ಮೇಲಿಟ್ಟೆವು. ಯಾರೂ ಅಲುಗಿಸಬಾರದು ಎಂದು ಮಕ್ಕಳೇ ಸರದಿಯಲ್ಲಿ ಕಾವಲು ಹಾಕಿಕೊಂಡರು.

ಎಡದ ಸರುವಿನ ಬಾಟಲಿ ಮಾರನೆಯ ದಿನ ಬೆಳಗಾಗುವ ಹೊತ್ತಿಗೆ ಬಹುಪಾಲು ತಿಳಿಯಾಗಿತ್ತು. ತಳದಲ್ಲಿ ಮರಳು, ಅದರ ಮೇಲೆ ಕಂದು ಗೋಡು, ಅಂದರೆ ನುಣುಪು ಹೂಳು. ಬಲದ ಸರುವಿನ ಬಾಟಲಿ ಐದನೆಯ ದಿನವೂ ಕೆಂಪಾಗಿಯೇ ಇತ್ತು. ಅಕ್ಟೋಬರಿನ ಚಿತ್ತೆ ಮಳೆಯಲ್ಲಿ ಮತ್ತೆ ಅದನ್ನೇ ಮಾಡಿದೆವು. ಮತ್ತೆ ಹಾಗೇ ಆಯಿತು.

ಇದರ ಕಾರಣವನ್ನು ಮಕ್ಕಳಿಗೆ ಹೇಳಿದಂತೆ ಇಲ್ಲೂ ಹೇಳುತ್ತೇನೆ, ಏಕೆಂದರೆ ಇಡೀ ಪ್ರಕರಣದ ಕೀಲಿ ಇಲ್ಲಿದೆ. ನೀರಿನಲ್ಲಿ ಕಣವೊಂದು ಇಳಿಯುವ ವೇಗ ಅದರ ಅಡ್ಡಳತೆಯ ವರ್ಗಕ್ಕೆ ಅನುಗುಣ. ಕಣದ ಗಾತ್ರ ಅರ್ಧವಾದರೆ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಮರಳಿನ ಕಾಳು ಕ್ಷಣಗಳಲ್ಲಿ ತಳ ಸೇರುತ್ತದೆ. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್; ಎರಡು ಮೈಕ್ರಾನ್ ಅಳತೆಯ ಜೇಡಿ ಕಣ ನಿಂತ ನೀರಿನಲ್ಲಿ ಒಂದು ಅಡಿ ಇಳಿಯಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ. ಒಂದು ಮೈಕ್ರಾನ್ ಕಣಕ್ಕೆ ನಾಲ್ಕು ದಿನ ಬೇಕು. ಹೊಲದ ಮಣ್ಣಿನಲ್ಲಿ ಜೇಡಿ ಕಣಗಳು ಗೊಬ್ಬರ, ಬೇರು, ಹುಳುಹುಪ್ಪಟೆಗಳ ಅಂಟಿನಿಂದ ಹರಳುಗಟ್ಟಿರುತ್ತವೆ; ಗುಂಪಾಗಿ ಬೇಗ ಇಳಿಯುತ್ತವೆ. ಸ್ಫೋಟಿಸಿ, ಪುಡಿ ಮಾಡಿ, ಟಿಪ್ಪರ್ ಗಾಲಿಯಡಿ ಅರೆದ ಫಿಲೈಟ್ ಪುಡಿಯಲ್ಲಿ ಜೀವವೇ ಇಲ್ಲ. ಒಂದೊಂದು ಕಣವೂ ಒಂಟಿಯಾಗಿ ತೇಲುತ್ತದೆ.

ಇದು ಅರ್ಥವಾದ ಮೇಲೆ ನನಗೆ ಇನ್ನೊಂದು ವಿಷಯವೂ ತಿಳಿಯಿತು. ಗಣಿಯವರು ನಡುವೆ ಒಂದು ಹೂಳುಗುಂಡಿ ತೋಡಿದ್ದರು. ಗುಂಡಿ ಇದೆ, ಷರತ್ತು ಪಾಲನೆಯಾಗಿದೆ ಎಂದು ಕಾಗದದಲ್ಲಿ ಬರೆಯಬಹುದು. ಜೋರು ಮಳೆಯಲ್ಲಿ ಆ ಗುಂಡಿಗೆ ಬಂದ ನೀರು ಕೆಲವೇ ನಿಮಿಷ ಅಲ್ಲಿದ್ದು ಹೊರಗೆ ಹೋಗುತ್ತದೆ. ನಾಲ್ಕು ದಿನ ಬೇಕಾದ ಕಣವನ್ನು ನಿಮಿಷಗಳ ಗುಂಡಿ ಹೇಗೆ ಹಿಡಿದೀತು? ಅದು ಹಿಡಿಯುವುದು ಮರಳು, ಜಲ್ಲಿಯನ್ನು. ಕೇಡು ಮಾಡುವುದು ತಪ್ಪಿಸಿಕೊಂಡು ಹೋಗುತ್ತದೆ. ಒಳನಾಡಿನ ಜಲಮೂಲಕ್ಕೆ ಬಿಡುವ ಕೈಗಾರಿಕಾ ನೀರಿನಲ್ಲಿ ತೇಲುವ ಘನವಸ್ತು ಲೀಟರಿಗೆ 100 ಮಿಲಿಗ್ರಾಂ ಮೀರಬಾರದು ಎಂಬ ಮಾನದಂಡವಿದೆ. ಅದನ್ನು ಅಳೆಯಬೇಕಾದದ್ದು ಮಳೆ ಸುರಿಯುವಾಗ. ಮಾದರಿ ತೆಗೆಯಲು ಜನ ಬರುವುದು ಮಳೆ ನಿಂತು ರಸ್ತೆ ಒಣಗಿದ ಮೇಲೆ. ಆ ಹೊತ್ತಿಗೆ ಹಳ್ಳದಲ್ಲಿ ನೀರೇ ಇರುವುದಿಲ್ಲ.

ಗೋಡು

ಕೆರೆಯ ಗೋಡು ನಮ್ಮ ಸೀಮೆಯಲ್ಲಿ ಬಂಗಾರ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗಾಡಿಗಟ್ಟಲೆ ಹೊಡೆದು ಹೊಲ ತೋಟಗಳಿಗೆ ಹಾಕುವುದು ಅಜ್ಜಂದಿರ ಕಾಲದ ಪದ್ಧತಿ. ಕೆರೆಯ ಹೊಟ್ಟೆ ಖಾಲಿಯಾಗುತ್ತದೆ, ಹೊಲದ ಹೊಟ್ಟೆ ತುಂಬುತ್ತದೆ. ಇಂಥ ಲೆಕ್ಕವನ್ನು ಯಾವ ಇಂಜಿನಿಯರೂ ನಮಗೆ ಹೇಳಿಕೊಟ್ಟದ್ದಲ್ಲ.

2023 ಬರದ ವರ್ಷ. ಸರ್ಕಾರವೇ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. 2024ರ ಬೇಸಿಗೆಗೆ ಕೆರೆಯಂಗಳ ಬಿರುಕು ಬಿಟ್ಟಿತು. ಎಲ್ಲರೂ ಗೋಡು ಹೊಡೆಯಲು ಟ್ರ್ಯಾಕ್ಟರ್ ತಂದರು. ನಾನು ಬಾಟಲಿಗಳ ಪಾಠ ಮಾಡಿದವನು; ನನಗಾದರೂ ತಿಳಿಯಬೇಕಿತ್ತು. ನಾನೂ ಹದಿನೆಂಟು ಟ್ರೈಲರ್ ಹಾಕಿಸಿದೆ. ಒಳಹರಿವಿನ ಬಾಯಲ್ಲಿ ಹಾರೆಯಿಂದ ಅಗೆದಾಗ ಮೇಲೆ ಕೆಂಪು ಪದರ, ಅದರ ಕೆಳಗೆ ಹಳೆಯ ಕಪ್ಪು ಗೋಡು ಕತ್ತಿಯಿಂದ ಕೊಯ್ದಂತೆ ಬೇರೆಯಾಗಿ ಕಂಡವು. ಕೆಂಪು ಪದರ ಎರಡು ಗೇಣು ದಪ್ಪವಿತ್ತು. ಟ್ರ್ಯಾಕ್ಟರಿಗೆ ತುಂಬಿದ್ದು ಬಹುಪಾಲು ಅದೇ.

ಮುಂದಿನ ಮಳೆಗಾಲ ಚೆನ್ನಾಗಿ ಬಂತು. ನೀರು ಬಿದ್ದ ಕೂಡಲೇ ತೋಟದ ಮೇಲ್ಮೈ ಅರೆದ ಸುಣ್ಣದಂತೆ ಮುಚ್ಚಿಕೊಂಡಿತು. ಬಿಸಿಲು ಬಂದಾಗ ಇಟ್ಟಿಗೆಯಂತೆ ಗಟ್ಟಿಯಾಯಿತು. ಅಡಿಕೆಯ ಹೀರುಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ; ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ನೀರು ಇಂಗದೆ ಮಡುಗಟ್ಟಿತು, ಗಾಳಿ ಒಳಗೆ ಹೋಗಲಿಲ್ಲ. ಸೋಗೆ ಹಳದಿಯಾಯಿತು, ಹರಳು ಉದುರಿತು. ಪಕ್ಕದ ತೋಟದವರು ಗೋಡನ್ನು ಹಾಕಿರಲಿಲ್ಲ. ಅವರ ಮರಗಳು ಹಸಿರಾಗಿದ್ದವು. ನಾನು ಆ ಪದರವನ್ನು ಗುದ್ದಲಿಯಿಂದ ಒಡೆದು, ತರಗು, ಕೊಟ್ಟಿಗೆ ಗೊಬ್ಬರ ಬೆರೆಸಿ ಹದಕ್ಕೆ ತರಲು ಎರಡು ವರ್ಷ ಹೆಣಗಿದ್ದೇನೆ. ಇನ್ನೂ ಮುಗಿದಿಲ್ಲ. ಮಣ್ಣು ಹಾಳಾಗಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದ್ದು ಇನ್ನೊಂದು: ಈಗ ಊರಿನಲ್ಲಿ ಗೋಡು ಎಂದರೆ ಜನ ಹಿಂಜರಿಯುತ್ತಾರೆ. ತಲೆಮಾರುಗಳ ನಂಬಿಕೆ ಒಂದೇ ಬೇಸಿಗೆಯಲ್ಲಿ ಮುರಿಯಿತು. ಗೋಡು ತೆಗೆಯದಿದ್ದರೆ ಕೆರೆ ಇನ್ನೂ ಬೇಗ ಹೂಳುತ್ತದೆ.

ಹಳ್ಳದ ಮರಳಿನಲ್ಲಿ ಎರಡು ತಲಪರಿಗೆಗಳಿದ್ದವು. ಹಳ್ಳದಲ್ಲಿ ನೀರಿಲ್ಲದ ಚೈತ್ರ ವೈಶಾಖದಲ್ಲೂ ಮೊಣಕಾಲುದ್ದ ಮರಳು ಬಗೆದರೆ ತಿಳಿನೀರು ಒಸರುತ್ತಿತ್ತು. ಕುರಿಗಾಹಿಗಳು, ಎತ್ತಿನವರು, ರಾತ್ರಿ ಕಾಡಿನಿಂದ ಇಳಿಯುವ ಪ್ರಾಣಿಗಳು ಎಲ್ಲಕ್ಕೂ ಅದೇ ಆಸರೆ. ಮರಳಿನ ಕಾಳುಗಳ ನಡುವಿನ ಸಂದುಗಳಲ್ಲಿ ನೀರು ನಡೆಯುತ್ತದೆ. ಆ ಸಂದುಗಳೇ ಜೇಡಿಯಿಂದ ತುಂಬಿದರೆ ತಲಪರಿಗೆ ಉಸಿರು ಕಟ್ಟುತ್ತದೆ. 2022ರ ನಂತರ ಕೂಡುಹಳ್ಳದ, ಅಂದರೆ ಎರಡು ಸರುವು ಕೂಡಿದ ಕಡೆಯ, ತಲಪರಿಗೆ ಕಟ್ಟಿತು. ಎಡದ ಸರುವಿನದು ಈಗಲೂ ಇದೆ.

ಕೆರೆಯ ತಳದಲ್ಲಿ ನಡೆಯುವ ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ. ನೀರು ನಿಂತು ತಳದಲ್ಲಿ ಆಮ್ಲಜನಕ ಕಡಿಮೆಯಾದಾಗ, ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ಕಬ್ಬಿಣ, ಮ್ಯಾಂಗನೀಸ್ ಆಕ್ಸೈಡ್‌ಗಳು ಕರಗಲು ಶುರುವಾಗುತ್ತವೆ. ಈ ಗುಡ್ಡಗಳಲ್ಲಿ ಎರಡೂ ಲೋಹಗಳಿವೆ. ಹೊರಗೆ ಗಾಳಿ ತಗಲಿದ ಕೂಡಲೇ ಕಬ್ಬಿಣ ಕೆಂಪು ಕೆನೆಯಾಗಿ, ಮ್ಯಾಂಗನೀಸ್ ಕಪ್ಪು ಲೋಳೆಯಾಗಿ ಕೊಳವೆಗಳಲ್ಲಿ ಕೂರುತ್ತವೆ. ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 0.3ರವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಕೆರೆಯಂಚಿನ ಕೊಳವೆಬಾವಿಯ ನೀರು ಬಿಂದಿಗೆಯಲ್ಲಿ ಇಡೀ ರಾತ್ರಿ ನಿಂತರೆ ಕೆನೆ ಕಟ್ಟುತ್ತದೆ. ನಮ್ಮ ಮನೆಯವರು ಆ ನೀರನ್ನು ಕುಡಿಯುವುದನ್ನು ಬಿಟ್ಟಿದ್ದಾರೆ.

ಜಿಲ್ಲೆಯ ಎಲ್ಲ ತ್ಯಾಜ್ಯವೂ ಒಂದೇ ಬಗೆಯದ್ದಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಚಿತ್ರದುರ್ಗದ ಹತ್ತಿರ ಇಂಗಳಧಾಳದಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಅಲ್ಲಿಯದು ಗಂಧಕ ಬೆರೆತ ಅದಿರು. ಇಂಥ ಅದಿರಿನ ಜೊತೆಗಿರುವ, ಕಬ್ಬಿಣ ಮತ್ತು ಗಂಧಕ ಕೂಡಿದ ಪೈರೈಟ್ ಎಂಬ ಖನಿಜ ಗಾಳಿ, ನೀರು ತಗಲಿದಾಗ ಗಂಧಕಾಮ್ಲವನ್ನು ಹುಟ್ಟಿಸಬಲ್ಲದು; ಆಮ್ಲ ಕಲ್ಲಿನಿಂದ ಲೋಹಗಳನ್ನು ಕರಗಿಸಿ ನೀರಿಗೆ ಬಿಡಬಲ್ಲದು. ಗಣಿ ಮುಚ್ಚಿದರೂ ಆ ಕ್ರಿಯೆ ತಾನಾಗಿ ನಿಲ್ಲುವುದಿಲ್ಲ. ನಮ್ಮ ಕಬ್ಬಿಣದ ರಾಶಿಯ ಅಪಾಯ ಬಹುಮಟ್ಟಿಗೆ ಮಣ್ಣಿನದು, ಆಮ್ಲದ್ದಲ್ಲ. ಗಣಿ ಎಂದ ಕೂಡಲೇ ವಿಷ ಎಂದು ಕೂಗುವವರನ್ನು ನಾನು ನಮ್ಮ ಸಭೆಗಳಲ್ಲೇ ತಡೆದಿದ್ದೇನೆ. ಯಾವ ರಾಶಿ ಯಾವ ಕಲ್ಲಿನದು ಎಂದು ತಿಳಿಯದೆ ಮದ್ದು ಹುಡುಕಲು ಆಗುವುದಿಲ್ಲ.

ಕಾಡಿನ ಅಂಚು

ರಾಶಿಯ ಬುಡದಲ್ಲಿರುವುದು ಎಲೆ ಉದುರುವ ಒಣ ಕಾಡು. ಕಮರ, ದಿಂಡಿಗ, ಕಗ್ಗಲಿ, ಬಂದರಿಕೆ, ಕಾರೆ, ಕವಳೆ. ದೂರದಿಂದ ಬಂದವರಿಗೆ ಇದು ಕುರುಚಲು ಎನಿಸಬಹುದು. ಕರಡಿ, ಚಿರತೆ, ನವಿಲು ಬದುಕುವುದು ಈ ಕುರುಚಲಿನಲ್ಲೇ. ಹಟ್ಟಿಯ ಕುರಿಗಳು ಮೇಯುವುದೂ ಇಲ್ಲೇ.

ಉರುಳಿ ಬಂದ ಕಲ್ಲು ಮಣ್ಣು ಮರಗಳ ಬುಡವನ್ನು ಎದೆಯೆತ್ತರಕ್ಕೆ ಹೂತಿತ್ತು. ಕೆಲವರು ಮರ ನಿಂತಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡರು. ಹೂತ ಮರ ಒಡನೆ ಸಾಯುವುದಿಲ್ಲ. ಬೇರಿಗೆ ಗಾಳಿ ಸಿಗದೆ ಎರಡು ಮೂರು ವರ್ಷಗಳಲ್ಲಿ ನೆತ್ತಿಯಿಂದ ಒಣಗುತ್ತಾ ಬರುತ್ತದೆ. ದಿಂಡಿಗದ ಸಾಲು ಹಾಗೆ ಒಣಗಿತು. ರಾಶಿಯಿಂದ ದೂರದಲ್ಲಿ, ಸರುವಿನ ದಂಡೆಯಲ್ಲಿ ಆದದ್ದು ಬೇರೆ ರೀತಿಯ ಹಾನಿ. ಜಲ್ಲಿ ಬಂದು ಸರುವಿನ ತಳ ಎತ್ತರವಾಯಿತು. ನೀರು ಹಳೆಯ ದಾರಿ ಬಿಟ್ಟು ಪಕ್ಕದ ದಂಡೆಯನ್ನು ಕೊರೆಯಿತು. ನೇರಳೆ, ಹೊಂಗೆ ಮರಗಳು ಬೇರುಸಹಿತ ಬಿದ್ದವು. ಮರ ಬಿದ್ದಲ್ಲಿ ದಂಡೆ ಇನ್ನಷ್ಟು ಕುಸಿಯಿತು. ಈಗ ಅಲ್ಲಿಂದ ಬರುವುದು ಗಣಿಯ ಮಣ್ಣಲ್ಲ, ಕಾಡಿನದೇ ಮಣ್ಣು. ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಹುಲ್ಲಿನ ವಿಷಯ ನನಗೆ ಹೊಳೆದಿರಲಿಲ್ಲ. ಹಟ್ಟಿಯ ಹಿರಿಯ ಕುರಿಗಾಹಿಯೊಬ್ಬರು ತೋರಿಸಿದರು. ಕೆಂಪು ರಾಡಿ ಹರಡಿ ಒಣಗಿದ ಜಾಗದಲ್ಲಿ ಹುಲ್ಲಿನ ಬೀಜ ಹೊಕ್ಕೆಯನ್ನು ಒಡೆದು ಏಳಲಾರದು. ಏಳುವುದು ಲಂಟಾನ, ಅದೂ ಅಂಚಿನಿಂದ ಹಬ್ಬಿಕೊಂಡು. ಮೇವಿಲ್ಲದ ಕುರಿ ಎಡಗಡೆಯ ಮಡಿಲಿಗೆ ಹೋಗುತ್ತವೆ. ಎರಡು ಮಡಿಲುಗಳ ಮೇವಿನ ಭಾರವನ್ನು ಈಗ ಒಂದೇ ಮಡಿಲು ಹೊತ್ತಿದೆ. ಗಣಿ ಮುಟ್ಟದ ಆ ಮಡಿಲೂ ಹೀಗೆ ಸವೆಯುತ್ತಿದೆ. ಬೇಸಿಗೆಯಲ್ಲಿ ತಲಪರಿಗೆ ಕಟ್ಟಿದ ಮೇಲೆ ಕರಡಿಗಳು ತೋಟದ ತೊಟ್ಟಿಯವರೆಗೆ ಬರುತ್ತಿವೆ. ಊರಿನವರು ಕರಡಿಯ ಕಾಟ ಹೆಚ್ಚಾಯಿತು ಎನ್ನುತ್ತಾರೆ. ನನಗೆ ಕಾಣುವುದು ಬಾಯಾರಿದ ಪ್ರಾಣಿ.

ಮನವಿ ಮತ್ತು ಒಡ್ಡು

ಮೊದಲ ಎರಡು ಮನವಿಗಳಿಗೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಎರಡು ಬಾಟಲಿಗಳ ಚಿತ್ರ, ಕೂಡುಹಳ್ಳದ ಚಿತ್ರ, ಹೊಂಗೆ ಮರದಿಂದ ರಾಶಿಯವರೆಗೆ ನಡೆದು ಬರೆದ ನಕ್ಷೆ ಲಗತ್ತಿಸಿದೆವು. ಗಣಿಯನ್ನು ಮುಚ್ಚಿ ಎಂದು ಬರೆಯಲಿಲ್ಲ. ರಾಶಿಯ ಮೇಲ್ಭಾಗವನ್ನು ಮೆಟ್ಟಿಲು ಮಾಡಿ, ಮಳೆ ಬರುವಾಗ ಮಾದರಿ ತೆಗೆಯಿರಿ ಎಂದು ಎರಡೇ ಬೇಡಿಕೆ. ಊರಿನ ಯುವಕರಿಗೆ ಇದು ಸಾಲದೆನಿಸಿತು. ನಮ್ಮ ಊರಿನ ಮೂವತ್ತಕ್ಕೂ ಹೆಚ್ಚು ಮನೆಗಳ ಅನ್ನ ಲಾರಿ, ಗಣಿ ಕೆಲಸದಿಂದ ಬರುತ್ತದೆ. ಆ ಮನೆಗಳನ್ನು ಎದುರು ಹಾಕಿಕೊಂಡು ಹಳ್ಳವನ್ನು ಉಳಿಸಲು ಆಗುವುದಿಲ್ಲ ಎಂದು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಗಣಿಯಲ್ಲೇ ಯಂತ್ರ ಓಡಿಸುವ ಹುಡುಗನೊಬ್ಬ ರಾಶಿಯ ಮೇಲೆ ನೀರು ಎಲ್ಲಿ ನಿಂತು ಬಿರುಕಿಗೆ ಇಳಿಯುತ್ತದೆ ಎಂದು ನಮಗೆ ತೋರಿಸಿಕೊಟ್ಟ.

ಹಣವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2015ರ ತಿದ್ದುಪಡಿಯ ನಂತರ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ಅದಕ್ಕೆ ಕಟ್ಟುತ್ತಾರೆ. ಇದಲ್ಲದೆ ಸುಪ್ರೀಂ ಕೋರ್ಟಿನ ಆದೇಶದಂತೆ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರಚನೆಯಾಗಿದೆ. 2022ರ ಆಗಸ್ಟ್‌ನಲ್ಲಿ, ನಮ್ಮ ರಾಶಿ ಕುಸಿಯುವುದಕ್ಕೆ ಕೆಲವೇ ದಿನ ಮೊದಲು, ಚಿತ್ರದುರ್ಗ ಮತ್ತು ತುಮಕೂರು ಎರಡೂ ಸೇರಿ ವರ್ಷಕ್ಕೆ ತೆಗೆಯಬಹುದಾದ ಅದಿರಿನ ಮಿತಿಯನ್ನು ಕೋರ್ಟ್ 70 ಲಕ್ಷ ಟನ್ನಿನಿಂದ 1.5 ಕೋಟಿ ಟನ್ನಿಗೆ ಏರಿಸಿತು. ಅದಿರಿನ ಮಿತಿ ದುಪ್ಪಟ್ಟು ಮೀರಿ ಏರಿದಾಗ ತ್ಯಾಜ್ಯವೂ ಅದರ ಹಿಂದೆ ಏರುತ್ತದೆ. ಅದಕ್ಕೆ ತಕ್ಕಂತೆ ಹಳ್ಳಗಳ ಕಾವಲೂ ಏರಬೇಕಲ್ಲವೇ?

ಮೂರನೆಯ ಮನವಿಗೆ ಜಂಟಿ ತಪಾಸಣೆ ಆಯಿತು. ರಾಶಿಯ ಮೇಲ್ಭಾಗದಲ್ಲಿ ಮೂರು ಮೆಟ್ಟಿಲು ಕಡಿದರು. ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ನೆಟ್ಟರು. ಬುಡದ ಗೋಡೆಯನ್ನು ಮಾತ್ರ ಟಿಪ್ಪರ್ ರಸ್ತೆಗೆ ಅನುಕೂಲವಾಗುವ ಕಡೆ ಕಟ್ಟಿದರು, ನೀರು ಇಳಿಯುವ ಕಡೆ ಅಲ್ಲ. ಮೊದಲ ಮಳೆಗೆ ನೀರು ಗೋಡೆಯ ತುದಿಯನ್ನು ಸುತ್ತಿ ಹೋಯಿತು. ಕಟ್ಟುವ ಮೊದಲು ಒಂದು ಮಳೆ ನಿಂತು ನೋಡಿದ್ದರೆ ಸಾಕಿತ್ತು.

ಉಳಿದ ಕೆಲಸವನ್ನು ನಾವೇ ಹಿಡಿದೆವು. ದೊಡ್ಡ ಸರುವಿನಲ್ಲಿ ನಮ್ಮ ಕೈ ಸಾಗುವುದಿಲ್ಲ. ಅದಕ್ಕೆ ಇಳಿಯುವ ಸಣ್ಣ ಕೊರಕಲುಗಳಲ್ಲಿ, ಆಳೆತ್ತರವೂ ಇಲ್ಲದ ಕಡೆ, ಅಲ್ಲಿಯದೇ ಕಲ್ಲು ಜೋಡಿಸಿ ಒಡ್ಡು ಹಾಕಿದೆವು. ಒಡ್ಡಿನ ಹಿಂದೆ ಲಾವಂಚ, ದಂಡೆಗೆ ಕತ್ತಾಳೆ. ಕೊರಕಲಿನಲ್ಲಿ ನೀರು ನಿಧಾನವಾದರೆ ಅರ್ಧ ಕೆಲಸ ಆದಂತೆ. ಹುಲ್ಲಿನ ದಂಟುಗಳ ನಡುವೆ ನುಣುಪು ಕಣವೂ ಸಿಕ್ಕಿಕೊಳ್ಳುತ್ತದೆ. ಇಳಿಜಾರಿಗೆ ಉಳುತ್ತಿದ್ದ ಹೊಲಗಳವರು ಅಡ್ಡಕ್ಕೆ ಉಳಲು ಒಪ್ಪಿದರು. ನಮ್ಮ ತಪ್ಪನ್ನು ನಾವು ತಿದ್ದಿಕೊಳ್ಳದೆ ಇನ್ನೊಬ್ಬರ ಮೇಲೆ ಬೆರಳು ತೋರಿಸುವುದು ನನಗೆ ಸರಿ ಕಾಣಲಿಲ್ಲ.

2025ರ ಜನವರಿಯಲ್ಲಿ ಮಾರಿಕಣಿವೆ ಮೂರನೆಯ ಬಾರಿ ಕೋಡಿ ಬಿತ್ತು. ಆ ವರ್ಷದ ಮಳೆಗಾಲದಲ್ಲಿ ಹೊಸ ತಂಡದ ಮಕ್ಕಳು ಮತ್ತೆ ಎರಡು ಬಾಟಲಿ ತುಂಬಿದರು. ಎಡದ್ದು ಎಂದಿನಂತೆ ಮಾರನೆಯ ದಿನ ತಿಳಿಯಾಯಿತು. ಬಲದ್ದು ಮೂರನೆಯ ದಿನದ ಸಂಜೆಗೆ, ಹಿಂದೆ ಇಟ್ಟ ಪುಸ್ತಕದ ಅಕ್ಷರ ಮಸುಕಾಗಿ ಕಾಣುವಷ್ಟು ಇಳಿಯಿತು. ಐದು ದಿನವಾದರೂ ಇಳಿಯದ ಬಾಟಲಿಯನ್ನು ಕಂಡಿದ್ದ ನನಗೆ ಅದು ಸಣ್ಣ ಸಂಗತಿಯಲ್ಲ.

ಮಳೆ ನಿಂತ ಮೇಲೆ ಕುರಿಗಾಹಿ ಹಿರಿಯರು, ನಾನು, ಇಬ್ಬರು ಹುಡುಗರು ಕೂಡುಹಳ್ಳದ ತಲಪರಿಗೆಯನ್ನು ಬಗೆದೆವು. ಮೇಲಿನ ಕೆಂಪು ಹೊಕ್ಕೆಯನ್ನು ಬುಟ್ಟಿಯಲ್ಲಿ ಹೊತ್ತು ದಂಡೆಗೆ ಹಾಕಿದೆವು. ಸೊಂಟದಾಳಕ್ಕೆ ಹೋದಾಗ ಹಳೆಯ ಬಿಳಿ ಮರಳು ಸಿಕ್ಕಿತು, ತೇವವಿತ್ತು. ಸಂಜೆಯವರೆಗೆ ಕಾದೆವು. ಬೊಗಸೆಯಷ್ಟು ನೀರು ಒಸರಿತು, ಇನ್ನೂ ಕೆಂಪು ಬೆರೆತ ನೀರು. ಹಿರಿಯರು ಗುಂಡಿಗೆ ಮುಳ್ಳು ಮುಚ್ಚಿ, ಶಿವರಾತ್ರಿ ಕಳೆದ ಮೇಲೆ ಇನ್ನೊಮ್ಮೆ ಬಗೆಯೋಣ ಎಂದರು.